ನನ್ನ ಪಾಲಿನ ಕೂಗು ಕೂಗಿದವರಿಗೆ

ಎಡಗೈ ಹಿಂಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿದ್ದ 214 ಮೂರು ದಿನ ಅಳಿಸಲಿಲ್ಲ. ನಾನೂ ಸೋಪು ಹಾಕಿ ಉಜ್ಜಲಿಲ್ಲ. 2025ರ ಜೂನ್ 28, ಶನಿವಾರ ಬೆಳಿಗ್ಗೆ ಲಂಡನ್ ಸ್ಟೇಡಿಯಮ್ಮಿನ ಹೊರಗೆ ಸಾಲಿನಲ್ಲಿ ನಿಂತಿದ್ದವರ ಕೈಮೇಲೆ ಅಭಿಮಾನಿ ಹುಡುಗಿಯೊಬ್ಬಳು ಬಂದ ಕ್ರಮದಲ್ಲೇ ನಂಬರ್ ಬರೆಯುತ್ತಾ ಬಂದಿದ್ದಳು. ಅದು ಇಂಗ್ಲೆಂಡಿನ ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಬ್ಯಾಂಡ್ ಐರನ್ ಮೇಡನ್‌ನ ನಾನು ನೋಡಿದ ಐದನೇ ಶೋ. ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆದಮೇಲೆ ಮೊದಲನೆಯದು. ಅಲ್ಲಿಯವರೆಗೆ ನನ್ನನ್ನು ಮುಟ್ಟಿಸಿದವರಿಗೆಲ್ಲ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವಷ್ಟು ಧ್ವನಿ ನನಗಿನ್ನೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಪ್ಪನಿಗೆ. 2007ರ ಮಾರ್ಚ್ 17ರಂದು ಮೇಡನ್ ಮೊದಲ ಸಲ ಭಾರತಕ್ಕೆ ಬಂದಿತು, ಅದೂ ನಮ್ಮ ಬೆಂಗಳೂರಿಗೆ. ನಾನಾಗ ಬಿಎಸ್ಸಿ ಓದುತ್ತಿದ್ದೆ. ಹಾಸ್ಟೆಲ್ ಗೆಳತಿ ಕೊಟ್ಟ ಒಂದು ಕ್ಯಾಸೆಟ್ಟಿನಿಂದ ಹಿಡಿದ ಹುಚ್ಚು ಅದು. ಅಪ್ಪ ಹಾಸನದಲ್ಲಿ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದರು. ‘ರಾತ್ರಿ ಹೊತ್ತು ಒಬ್ಬಳೇ ಬೇಡ’ ಅಂದರೇ ಹೊರತು ‘ಹೋಗಬೇಡ’ ಅನ್ನಲಿಲ್ಲ. ರಜೆ ಹಾಕಿ ಬಂದರು. ದುಡ್ಡಿದ್ದದ್ದು ಒಂದು ಟಿಕೆಟ್ಟಿಗೆ. ನಾನು ಒಳಗೆ ಹೋದೆ, ಅವರು ಅರಮನೆ ಮೈದಾನದ ಗೇಟಿನ ಹತ್ತಿರ ಊಟದ ಕ್ಯಾರಿಯರ್ ಹಿಡಿದು ನಿಂತರು. ಒಳಗೆ ಸಾವಿರಾರು ಜನ ಕುಣಿದ ಕುಣಿತಕ್ಕೆ ಎದ್ದ ಕೆಂಪು ಧೂಳು ಕಪ್ಪು ಟೀ ಶರ್ಟುಗಳ ಮೇಲೆಲ್ಲ ಕೂತು, ಹೊರಗೆ ಬರುವಾಗ ಎಲ್ಲರೂ ಒಂದೇ ಬಣ್ಣಕ್ಕೆ ತಿರುಗಿದ್ದೆವು. ಅಪ್ಪ ನನ್ನನ್ನು ಗುರುತು ಹಿಡಿದದ್ದು ಜಡೆ ನೋಡಿ. ‘ಹೊರಗೆ ಬಂದ್ಯಾ? ಊಟ ಮಾಡು’ ಅಂದರು. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಆರಿದ ಚಿತ್ರಾನ್ನ ತಿಂದು, ರಾತ್ರಿ ಬಸ್ಸಿಗೆ ಹಾಸನಕ್ಕೆ ಹೋದೆವು.

ಮರುವರ್ಷ ಫೆಬ್ರವರಿ 1ಕ್ಕೆ ಮುಂಬೈ. ಆ ಸಲ ಬ್ಯಾಂಡಿನ ಗಾಯಕ ಬ್ರೂಸ್ ಡಿಕಿನ್ಸನ್ ತಂಡವನ್ನೂ ಸಾಮಾನನ್ನೂ ಹೊತ್ತ ಬೋಯಿಂಗ್ 757 ವಿಮಾನವನ್ನು ತಾವೇ ಹಾರಿಸಿಕೊಂಡು ಬಂದಿದ್ದರು. ಅದನ್ನು ಹೇಳಿದಾಗ ಅಪ್ಪ ಪೇಪರ್ ಪಕ್ಕಕ್ಕಿಟ್ಟರು. ‘ಗಾಡಿ ಓಡಿಸಿ ಇಳಿದು, ಆಮೇಲೆ ಎರಡು ಗಂಟೆ ಹಾಡ್ತಾನಾ? ಆ ಮನುಷ್ಯನಿಗೆ ಕೆಲಸದ ಮೇಲೆ ಭಕ್ತಿ ಇದೆ’ ಅಂದರು. ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವರ ಬಾಯಿಂದ ಬಂದ ಆ ಮಾತಿಗಿಂತ ದೊಡ್ಡ ಹೊಗಳಿಕೆ ಬ್ರೂಸ್‌ಗೆ ಸಿಕ್ಕಿರಲಾರದು ಎಂದು ಈಗಲೂ ನಂಬಿದ್ದೇನೆ. 2009ರ ಫೆಬ್ರವರಿಯಲ್ಲಿ ಮತ್ತೆ ಅರಮನೆ ಮೈದಾನ, 2011ರಲ್ಲಿ ಸಿಂಗಪುರ. ಆಮೇಲೆ ಮದುವೆ, ಮಗಳು, ಹೈಸ್ಕೂಲಿನಲ್ಲಿ ಗಣಿತದ ಪಾಠ.

2023ರ ನವೆಂಬರಿನಲ್ಲಿ ಆಪರೇಷನ್ ಆಯಿತು. ಧ್ವನಿತಂತಿಗೆ ಹೋಗುವ ನರಕ್ಕೇ ಗಡ್ಡೆ ಅಂಟಿಕೊಂಡಿತ್ತು. ಗಡ್ಡೆಯೇನೋ ಪೂರ್ತಿ ಹೋಯಿತು, ಆದರೆ ಎಡಗಡೆಯ ತಂತು ಅಲುಗಾಡದೆ ನಿಂತುಬಿಟ್ಟಿತು. ಮಗಳನ್ನು ಹೆಸರು ಹಿಡಿದು ಕರೆದರೆ ಬರೀ ಗಾಳಿ ಬರುತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಬ್ರೂಸ್ ಅವರ ಹಳೆಯ ಸುದ್ದಿಗಳನ್ನೆಲ್ಲ ಮತ್ತೆ ಓದಿದೆ. ಅವರ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾದದ್ದು 2014ರ ಕೊನೆಗೆ. ಅದಕ್ಕೂ ಮುಂಚೆ ಪ್ಯಾರಿಸ್ಸಿನಲ್ಲಿ ಒಂದಿಡೀ ಆಲ್ಬಮ್ ಹಾಡಿ ಮುಗಿಸಿದ್ದರು. ಕೀಮೋ, ರೇಡಿಯೇಷನ್ ಎಲ್ಲ ಆಗಿ 2015ರ ಮೇ ತಿಂಗಳಲ್ಲಿ ವಾಸಿಯಾಯಿತೆಂಬ ಸುದ್ದಿ ಬಂತು. ಮುಂದಿನ ವರ್ಷದ ಫೆಬ್ರವರಿಯಲ್ಲಿ ಫ್ಲೋರಿಡಾದಲ್ಲಿ ವೇದಿಕೆ ಹತ್ತಿದರು. ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ಅವರಿಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮೇ ಕೊನೆಗೆ ಅವರು ಮತ್ತೆ ಡ್ರಮ್ಸ್ ಹಿಂದೆ ಕೂತಿದ್ದರು. ಇವರಿಬ್ಬರಿಗೂ ನಾನು ಯಾರೋ. ಕನ್ನಡವಂತೂ ಓದಲು ಬಾರದು. ಆದರೂ ನಿಮ್ಮಿಬ್ಬರಿಗೆ ಕೈಮುಗಿದು ಹೇಳುತ್ತೇನೆ: ಆ ಹದಿನೈದು ದಿನ ರಾತ್ರಿ ನಿದ್ದೆ ಬಾರದಾಗ ಜೊತೆಗಿದ್ದವರು ನೀವು.

ನನ್ನ ಸ್ಪೀಚ್ ಥೆರಪಿಸ್ಟ್‌ಗೆ ಏನು ಹೇಳಲಿ? ಅರ್ಧ ಲೋಟ ನೀರಿಗೆ ಸ್ಟ್ರಾ ಇಟ್ಟು, ಗುಳ್ಳೆ ಏಳುವಂತೆ ‘ಊ’ ಎಂದು ಗುನುಗುವ ಅಭ್ಯಾಸ ಕೊಟ್ಟರು. ದಿನಕ್ಕೆ ನಾಲ್ಕು ಸಲ. ಎರಡು ವಾರಕ್ಕೇ ಬೇಸತ್ತು ನಿಲ್ಲಿಸಿದಾಗ, ‘ನಿಮಗೆ ಇಷ್ಟವಾದ ರಾಗ ಯಾವುದು ಹೇಳಿ, ಅದನ್ನೇ ಗುನುಗಿ’ ಅಂದರು. ಮೊಬೈಲಿನಲ್ಲಿ ಮೇಡನ್ ಹಚ್ಚಿ ಕೊಟ್ಟೆ. ಹೆವಿ ಮೆಟಲ್ ಹೆಸರನ್ನೇ ಕೇಳದ ಆಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣುಮುಚ್ಚಿ ಏಳು ನಿಮಿಷ ಪೂರ್ತಿ ಕೇಳಿದರು. ಆಮೇಲೆ ಗಿಟಾರಿನ ಒಂದು ತುಣುಕು ತೋರಿಸಿ, ‘ಇದು ನಿಮ್ಮ ಶ್ರುತಿಗೆ ಹೊಂದುತ್ತೆ, ಇದನ್ನು ಮಾಡಿ’ ಅಂದರು. ಶೋಗಳಲ್ಲಿ ಜನರೆಲ್ಲ ‘ಓ ಓ’ ಎಂದು ಹಾಡುವ ತುಣುಕೇ ಅದು! ಆಕೆಗೆ ಅದು ಗೊತ್ತಿರಲಿಲ್ಲ. ಅಂದಿನಿಂದ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಅದಕ್ಕೆಂದೇ ಇತ್ತು. ಮಗಳು ಪಕ್ಕದಲ್ಲಿ ನಿಂತು, ಗುಳ್ಳೆ ನಿಲ್ಲುವವರೆಗೂ ಒಂದು, ಎರಡು ಎಂದು ಸೆಕೆಂಡ್ ಎಣಿಸುತ್ತಿದ್ದಳು. ನಾಲ್ಕರಲ್ಲಿ ನಿಲ್ಲುತ್ತಿದ್ದದ್ದು ಹನ್ನೊಂದಕ್ಕೆ ಬಂದ ದಿನ ಅತ್ತೆ ಪಾಯಸ ಮಾಡಿದರು.

ಶಾಲೆಗೆ ವಾಪಸ್ ಹೋದಾಗ ಎಂಟನೇ ‘ಬಿ’ ಸೆಕ್ಷನ್ನಿನ ಮಕ್ಕಳು ತಮ್ಮಷ್ಟಕ್ಕೆ ತಾವೇ ಸರದಿ ಹಾಕಿಕೊಂಡರು. ನಾನು ಬೋರ್ಡಿನ ಮುಂದೆ ನಿಂತು ಪಿಸುಗುಟ್ಟಿದ್ದನ್ನು ಮುಂದಿನ ಬೆಂಚಿನಲ್ಲಿ ಒಬ್ಬರು ಎದ್ದುನಿಂತು ಗಟ್ಟಿಯಾಗಿ ಹೇಳುತ್ತಿದ್ದರು. ಹಾಗೆ ಹೇಳಿ ಹೇಳಿಯೇ ಬೀಜಗಣಿತ ಕಲಿತ ಹುಡುಗನೊಬ್ಬ ಇದ್ದಾನೆ. ಮಕ್ಕಳೇ, ನಿಮ್ಮ ಮೇಡಮ್ ನಿಮಗೆ ಋಣಿ. ನನ್ನ ಪೀರಿಯಡ್ಡುಗಳನ್ನು ಹೊತ್ತುಕೊಂಡ ಸಹೋದ್ಯೋಗಿಗಳಿಗೂ.

ಬ್ಯಾಂಡಿಗೆ ಐವತ್ತು ವರ್ಷ ತುಂಬಿದ ಪ್ರವಾಸದ ಸುದ್ದಿ ಬಂದಾಗ ನಾನು ಓದಿ ಸುಮ್ಮನಾಗಿದ್ದೆ. ಟಿಕೆಟ್ ತೆಗೆದವರು ನಮ್ಮನೆಯವರು. ವಿಮಾನದ ಖರ್ಚಿಗೆ ಅತ್ತೆ ಚೀಟಿ ಎತ್ತಿ ಕೊಟ್ಟರು. ‘ದೇವರಿಗೆ ಹರಕೆ ತೀರಿಸಿದ ಹಾಗೆ ಇದನ್ನೂ ತೀರಿಸಿಕೊಂಡು ಬಾ’ ಅಂದರು. ಅತ್ತೆ, ನಿಮ್ಮ ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಇರುವ ಅರಸೀಕೆರೆ ಕಡೆಯ ದಂಪತಿ, ತಮ್ಮನ ಪರಿಚಯದ ಒಂದೇ ಎಳೆ ಹಿಡಿದು ನನಗೆ ನಾಲ್ಕು ದಿನ ಕೋಣೆ ಬಿಟ್ಟುಕೊಟ್ಟರು. ಹಿಂದಿನ ದಿನ ಕೆಲಸ ಬಿಟ್ಟು ನನ್ನನ್ನು ಸ್ಟ್ರಾಟ್‌ಫರ್ಡ್‌ನ ‘ಕಾರ್ಟ್ ಅಂಡ್ ಹಾರ್ಸಸ್’ ಪಬ್ಬಿಗೂ ಕರೆದುಕೊಂಡು ಹೋದರು. ಸ್ಟೀವ್ ಹ್ಯಾರಿಸ್ 1975ರಲ್ಲಿ ಕಟ್ಟಿದ ಬ್ಯಾಂಡ್ ಶುರುವಿನ ದಿನಗಳಲ್ಲಿ ನುಡಿಸುತ್ತಿದ್ದದ್ದು ಅಲ್ಲಿ. ಅಲ್ಲಿಂದ ಸ್ಟೇಡಿಯಮ್ಮಿಗೆ ನಡೆದೇ ಹೋಗಬಹುದು. ಆ ನಡಿಗೆಗೆ ಅವರಿಗೆ ಐವತ್ತು ವರ್ಷ ಹಿಡಿಯಿತಲ್ಲ ಎಂದು ರಸ್ತೆಬದಿಯಲ್ಲಿ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಇನ್ನು 213. ಸಾಲಿನಲ್ಲಿ ನನ್ನ ಮುಂದಿದ್ದ ಆರಡಿ ಮೀರಿದ ಪೋಲೆಂಡಿನ ಬಡಗಿ. ಮೇ 27ರಂದು ಬುಡಾಪೆಸ್ಟಿನಲ್ಲಿ ನಡೆದ ಮೊದಲ ಶೋದಿಂದ ಬ್ಯಾಂಡಿನ ಹಿಂದೆಯೇ ಊರೂರು ಸುತ್ತಿ, ಆಗಸ್ಟ್ 2ಕ್ಕೆ ತನ್ನೂರು ವಾರ್ಸಾದಲ್ಲಿ ಮುಗಿಸುವವ. ‘ನೀನೇಕೆ ಮಾತಾಡಲ್ಲ?’ ಎಂದು ಕೇಳಿದ. ದುಪಟ್ಟಾ ಸರಿಸಿ ಕತ್ತಿನ ಗೆರೆ ತೋರಿಸಿದೆ. ಅವನು ತಲೆಯಾಡಿಸಿ, ಚೀಲದಿಂದ ನೀರಿನ ಬಾಟಲಿ ತೆಗೆದುಕೊಟ್ಟ. ಗೇಟು ತೆರೆದು ಜನ ಓಡಿದಾಗ ಅಗಲವಾದ ಬೆನ್ನು ಕೊಟ್ಟು ನನಗೆ ವೇದಿಕೆ ಮುಂದಿನ ಕಟಕಟೆಯ ಹತ್ತಿರವೇ ಜಾಗ ಹಿಡಿದ.

ಯುಎಫ್ಓ ಬ್ಯಾಂಡಿನ ಹಳೆಯ ಹಾಡು ಸ್ಪೀಕರಿನಲ್ಲಿ ಬಂದರೆ ಮೇಡನ್ ಇನ್ನೇನು ವೇದಿಕೆಗೆ ಬರುತ್ತಾರೆ ಎಂದು ಅಭಿಮಾನಿಗಳಿಗೆಲ್ಲ ಗೊತ್ತು. ಹೊರಗೆ ಇನ್ನೂ ಬೆಳಕಿತ್ತು. ಡ್ರಮ್ಸ್ ಹಿಂದೆ ನಿಕೊ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಸಾವೊ ಪೌಲೊದಲ್ಲಿ ಅವರು ಕೊನೆಯ ಶೋ ಆಡಿ ಇಳಿದಿದ್ದರು. ಸೈಮನ್ ಡಾಸನ್ ಚೆನ್ನಾಗಿಯೇ ನುಡಿಸಿದರು, ಆದರೂ ಒಂದು ಕ್ಷಣ ಕಣ್ಣು ಹಳಬರನ್ನು ಹುಡುಕಿತು. ಆಮೇಲೆ ಬ್ರೂಸ್ ಎಂದಿನಂತೆ ‘ನನಗಾಗಿ ಕಿರುಚಿ!’ ಎಂದು ಕೂಗಿದರು. ನಾನು ಬಾಯಿ ತೆರೆದೆ, ಏನೂ ಬರಲಿಲ್ಲ. ಪಕ್ಕದಲ್ಲಿದ್ದ 213 ಬಗ್ಗಿ ಕಿವಿಯಲ್ಲಿ, ‘ನಿನ್ನದನ್ನೂ ನಾನೇ ಕೂಗುತ್ತೇನೆ’ ಅಂದವನೇ ಎರಡು ಸಲ ಕೂಗಿದ. ಒಮ್ಮೆ ತನಗೆ, ಒಮ್ಮೆ ನನ್ನ ಕಡೆ ಬೆರಳು ತೋರಿಸಿ. ಹಿಂದಿದ್ದ 215, 216 ಕೂಡ ಸೇರಿಕೊಂಡರು. ಆಮೇಲೆ ಆ ರಾಗ ಬಂತು. ಇಡೀ ಸ್ಟೇಡಿಯಂ ‘ಓ ಓ’ ಎಂದು ಎದ್ದಿತು. ನಾನು ತುಟಿ ಮುಂದೆ ಮಾಡಿ, ಬಾಯಲ್ಲಿ ಸ್ಟ್ರಾ ಇದೆಯೆಂದುಕೊಂಡು ಗುನುಗಿದೆ. ಯಾರಿಗೂ ಕೇಳಿಸಿರಲಿಕ್ಕಿಲ್ಲ. ಎದೆಯ ಮೂಳೆಯಲ್ಲಿ ನನಗೆ ಗೊತ್ತಾಯಿತು.

ಹೊರಬಂದು ಫೋನ್ ತೆಗೆದಾಗ ಊರಲ್ಲಿ ಬೆಳಗಿನ ಜಾವ ಮೂರಾಗಿತ್ತು. ಮೊದಲ ರಿಂಗಿಗೇ ಅಪ್ಪ ಎತ್ತಿದರು. ನಾನು ಹಲೋ ಅನ್ನುವ ಮೊದಲೇ ಕೇಳಿದರು:

‘ಹೊರಗೆ ಬಂದ್ಯಾ? ಊಟ ಆಯ್ತಾ?’