ಬೆಳಗಿನ ವೇಳಾಪಟ್ಟಿಯ ಬದಲಾವಣೆ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಐದನೇ ತರಗತಿಯ ಹುಡುಗರನ್ನು ನವೋದಯ ಪ್ರವೇಶ ಪರೀಕ್ಷೆಗೆ ಸಿದ್ಧಗೊಳಿಸುವ ನಮ್ಮ ವಸತಿ ಶಾಲೆಯಲ್ಲಿ ಬರುವ ಜೂನ್ ತಿಂಗಳಿಂದ ಮಕ್ಕಳನ್ನು ಬೆಳಗಿನ 4.30ರ ಬದಲು 6 ಗಂಟೆಗೆ ಎಬ್ಬಿಸಲಾಗುವುದು ಮತ್ತು ಸ್ನಾನವನ್ನು ಸಂಜೆಗೆ ಬದಲಿಸಲಾಗುವುದು. ಶುಲ್ಕ ಮೊದಲಿನಷ್ಟೇ ಇರುತ್ತದೆ.

ನಸುಕಿನಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಎಂದು ನಂಬಿ ನಾವೇ ಮಾಡಿಕೊಂಡಿದ್ದ ನಿಯಮವಿದು. ನಿಮ್ಮಲ್ಲಿ ಕೆಲವರು ಅದನ್ನು ಮೆಚ್ಚಿಯೇ ಮಗನನ್ನು ಇಲ್ಲಿಗೆ ಸೇರಿಸಿದ್ದೀರಿ. ಆದರೆ ಕಳೆದ ಮಳೆಗಾಲದಲ್ಲಿ ಥಂಡಿ ಹಿಡಿದ ಸೌದೆ ಹಂಡೆ ಒಲೆಯಲ್ಲಿ ಹೊತ್ತಿಕೊಳ್ಳುವಷ್ಟರಲ್ಲಿ 5 ಗಂಟೆ ದಾಟುತ್ತಿತ್ತು, ಅಲ್ಲಿಯವರೆಗೆ ಹುಡುಗರು ಟವೆಲ್ ಹೊದ್ದು ಬಚ್ಚಲಿನ ಮುಂದೆ ನಡುಗುತ್ತ ನಿಲ್ಲುತ್ತಿದ್ದರು, ಕರೆಂಟು ಹೋದ ದಿನ ಓದೂ ಇರುತ್ತಿರಲಿಲ್ಲ. ಹನ್ನೊಂದರ ಗಣಿತದ ತರಗತಿಯಲ್ಲಿ ಮುಂದಿನ ಸಾಲಿನವರೇ ತೂಕಡಿಸುವುದನ್ನು ಕಂಡ ಮೇಲೆ ನಾವು ಲೆಕ್ಕ ತಪ್ಪಿದ್ದೇವೆ ಎಂದು ಒಪ್ಪಿಕೊಳ್ಳಬೇಕಾಯಿತು.

ಏಕೆಂದರೆ ಪರೀಕ್ಷೆ ನಡೆಯುವುದು ಅದೇ ಹೊತ್ತಿನಲ್ಲಿ. 11.30ರಿಂದ 1.30ರವರೆಗೆ 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ, ಅಂದರೆ 50 ಅಂಕ, ಮಾನಸಿಕ ಸಾಮರ್ಥ್ಯ ವಿಭಾಗದ್ದು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಆಕೃತಿ ಹೇಗೆ ಕಾಣುತ್ತದೆ ಎಂಬಂಥ ಪ್ರಶ್ನೆಗಳಿಗೆ ಬಾಯಿಪಾಠ ಒದಗುವುದಿಲ್ಲ, ಕಣ್ಣು ಚುರುಕಾಗಿರಬೇಕು. ಆದ್ದರಿಂದ ಶನಿವಾರದ ಮಾದರಿ ಪರೀಕ್ಷೆಯನ್ನೂ ಇನ್ನು 11.30ಕ್ಕೇ ನಡೆಸುತ್ತೇವೆ.

ಸಂಜೆಯ ಸ್ನಾನದಿಂದ ಇನ್ನೊಂದು ಅನುಕೂಲವಿದೆ. ಮೈದಾನದಿಂದ ಬಂದ ಹುಡುಗರ ಕಾಲಿಗೆ ಹತ್ತಿದ ಇಂಬಳವನ್ನು (ಜಿಗಣೆ) ಉಪ್ಪು ಹಾಕಿ ಬಿಡಿಸಿ, ಬಿಸಿನೀರು ಹೊಯ್ದು, ಗಾಯವಿದ್ದರೆ ಅಂದೇ ನೋಡಬಹುದು. ಕೆಸರುಗಾಲಿನಲ್ಲಿ ಹಾಸಿಗೆ ಸೇರುವುದೂ ತಪ್ಪುತ್ತದೆ. ಬಟ್ಟೆಗೆ ಹೊಗೆಯ ವಾಸನೆ ಬರುತ್ತದೆ ಎಂಬ ದೂರಿಗೆ ಮಾತ್ರ ಸದ್ಯ ನಮ್ಮಲ್ಲಿ ಪರಿಹಾರವಿಲ್ಲ. ಮಳೆ ಕಡಿಮೆಯಿರುವ ಶಿಕಾರಿಪುರದ ಕಡೆಯವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಆಷಾಢದ ಮಳೆಯಲ್ಲಿ ನಮ್ಮಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲೇ. ದಯವಿಟ್ಟು ಬೇಗ ಒಣಗುವಂಥ ತೆಳು ಬಟ್ಟೆಯ ಎರಡು ಜೊತೆಯನ್ನು ಹೆಚ್ಚಾಗಿ ಕಳುಹಿಸಿರಿ, ಜೀನ್ಸ್ ಬೇಡ.

ಭಾನುವಾರ ಸಂಜೆ 6.30ರ ಫೋನಿನ ಸಮಯ ಇನ್ನು ಸ್ನಾನದ ಸಮಯವಾಗುವುದರಿಂದ, ಊಟ ಮುಗಿದ ಮೇಲೆ 8 ಗಂಟೆಗೆ ಕರೆ ಮಾಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು
ತೀರ್ಥಹಳ್ಳಿ