ವೃದ್ಧರ ಮೇಲಿನ ದೌರ್ಜನ್ಯ: ಹಿಂಸಿಸುವವರ ಕಡೆಗೂ ನೋಡಿ

ಮಾನ್ಯ ಸಂಪಾದಕರೇ,

ಜೂನ್ 15, ಅಂದರೆ ವೃದ್ಧರ ಮೇಲಿನ ದೌರ್ಜನ್ಯ ಕುರಿತ ವಿಶ್ವ ಜಾಗೃತಿ ದಿನ ಬಂತೆಂದರೆ ಆ ಬಗ್ಗೆ ಪತ್ರಿಕೆಗಳಲ್ಲಿ ಒಂದಿಷ್ಟು ಲೇಖನಗಳು ಕಾಣಿಸಿಕೊಳ್ಳುತ್ತವೆ. ಹೆಚ್ಚಿನವುಗಳ ಧಾಟಿ ಒಂದೇ: ವಯಸ್ಸಾಯಿತು, ಕೈಲಾಗದಾಯಿತು, ಮರೆವು ಬಂತು, ಮಕ್ಕಳಿಗೆ ಹೊರೆಯಾದರು, ತಾಳಲಾರದೆ ಅವರು ಕೈ ಎತ್ತಿದರು. ಮನೆಮನೆಗೆ ಹೋಗಿ ಶುಶ್ರೂಷೆ ಮಾಡಿಕೊಂಡಿದ್ದ ನನಗೆ ಇದು ಅರ್ಧ ಸತ್ಯವಾಗಿ ಕಾಣುತ್ತದೆ.

ಆ ಅರ್ಧವನ್ನು ನಾನು ಅಲ್ಲಗಳೆಯುವುದಿಲ್ಲ. ಸ್ನಾನಕ್ಕೆ, ಔಷಧಿಗೆ ಇನ್ನೊಬ್ಬರ ಕೈ ಕಾಯಬೇಕಾದವರಿಗೆ, ಡಿಮೆನ್ಷಿಯಾ ಅಥವಾ ಖಿನ್ನತೆ ಇರುವವರಿಗೆ, ಕೈಯಲ್ಲಿ ಕಾಸಿಲ್ಲದವರಿಗೆ ಅಪಾಯ ಹೆಚ್ಚೇ. ಡಿಮೆನ್ಷಿಯಾ ಬಂದವರು ಕೇಳಿದ್ದನ್ನೇ ಕೇಳುತ್ತಾರೆ, ನಡುರಾತ್ರಿ ಎದ್ದು ಬಾಗಿಲು ತೆಗೆಯುತ್ತಾರೆ, ಒಮ್ಮೊಮ್ಮೆ ನೋಡಿಕೊಳ್ಳುವವರಿಗೇ ಹೊಡೆಯುತ್ತಾರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟ ಮಗಳೋ ಸೊಸೆಯೋ ಒಂದು ದಿನ ಸಿಡಿದುಬಿದ್ದರೆ ಅವಳನ್ನು ರಾಕ್ಷಸಿ ಅಂದು ಏನು ಬಂತು? ಅವಳಿಗೆ ಮೊದಲು ಬೇಕಾದದ್ದು ನೆಮ್ಮದಿಯ ನಿದ್ದೆ, ಹೆಗಲು ಕೊಡಲು ಇನ್ನೊಬ್ಬರು.

ಇನ್ನರ್ಧ ಬೇರೆಯದೇ ಕಥೆ. ಅಲ್ಲಿ ತಂದೆ ಮಗನನ್ನು ನಂಬಿಕೊಂಡಿರುವುದಿಲ್ಲ, ಮಗನೇ ತಂದೆಯ ಪಿಂಚಣಿಯನ್ನು ನಂಬಿಕೊಂಡಿರುತ್ತಾನೆ. ದುಡಿಮೆಯಿಲ್ಲ, ಕುಡಿತವಿದೆ, ಮನೆ ಅಪ್ಪನ ಹೆಸರಿನಲ್ಲಿದೆ. ನಲವತ್ತು ದಾಟಿದರೂ ಕೈಚಾಚಬೇಕಾದ ಅವಮಾನ ಬೈಗುಳವಾಗಿ, ಬೆದರಿಕೆಯಾಗಿ ಹೊರಬರುತ್ತದೆ. ಹಿಂಸಿಸುವವರೇ ಹಿಂಸೆಗೊಳಗಾದವರ ಆಸರೆಯಲ್ಲಿರುವ ಈ ಸಂಗತಿಯನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಕಾರ್ಲ್ ಪಿಲ್ಲೆಮರ್ 1980ರ ದಶಕದಲ್ಲೇ ಎತ್ತಿ ತೋರಿಸಿದ್ದರು. ಕುಡಿತ, ಮಾದಕ ವಸ್ತು, ಚಿಕಿತ್ಸೆ ಕಾಣದ ಮಾನಸಿಕ ಕಾಯಿಲೆ ಇವೂ ಹಿಂಸಿಸುವವರ ಕಡೆಯ ಅಪಾಯಗಳೇ. (ಮಾನಸಿಕ ಕಾಯಿಲೆ ಇದ್ದವರೆಲ್ಲ ಹಿಂಸಿಸುತ್ತಾರೆ ಎಂದು ದಯವಿಟ್ಟು ಓದಿಕೊಳ್ಳಬೇಡಿ.) ಇಂಥ ಮನೆಗಳಲ್ಲಿ 'ಹಿರಿಯರನ್ನು ಗೌರವಿಸಿ' ಎಂಬ ಭಿತ್ತಿಪತ್ರದಿಂದ ಏನೂ ಆಗದು.

'ಮಕ್ಕಳ ಜೊತೆಗಿದ್ದಾರಲ್ಲ, ಚಿಂತೆಯಿಲ್ಲ' ಎನ್ನುವುದೂ ಪೂರ್ತಿ ನಿಜವಲ್ಲ. ಹೊಡೆತ ಬೈಗುಳಗಳು ಒಂದೇ ಸೂರಿನಡಿ ಇದ್ದಾಗಲೇ ಹೆಚ್ಚು. ಗಂಡ ಅಥವಾ ಹೆಂಡತಿಯಿಂದಲೂ ಆಗುತ್ತದೆ. ಹಳೆಯ ಹೊಡೆತಕ್ಕೆ ವಯಸ್ಸಾಯಿತೇ ಹೊರತು ಅದು ನಿಂತಿರುವುದಿಲ್ಲ. ಬಂದುಹೋಗುವವರು ಕಡಿಮೆಯಾದಷ್ಟೂ ಅಪಾಯ ಏರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 60 ದಾಟಿದವರಲ್ಲಿ ಸುಮಾರು 6ಕ್ಕೆ ಒಬ್ಬರು ಒಂದು ವರ್ಷದಲ್ಲಿ ಒಂದಲ್ಲ ಒಂದು ಬಗೆಯ ದೌರ್ಜನ್ಯಕ್ಕೆ ಗುರಿಯಾಗುತ್ತಾರೆ. ಮಾತಿನ, ಮನಸ್ಸಿನ ಹಿಂಸೆ ಎಲ್ಲಕ್ಕಿಂತ ಹೆಚ್ಚು, ನಂತರ ಹಣದ್ದು. ಹೊಡೆತ ಇವೆರಡಕ್ಕಿಂತ ಕಡಿಮೆ. ಹಾಗಾಗಿ ಮೈಮೇಲೆ ಬಾಸುಂಡೆ ಹುಡುಕುತ್ತ ಕುಳಿತರೆ ಬಹಳಷ್ಟು ತಪ್ಪಿಹೋಗುತ್ತದೆ.

ನಾನು ನೋಡುತ್ತಿದ್ದುದು ಬೇರೆಯೇ. ಕಾಲು ಮುರಿದ ಕನ್ನಡಕ ತಿಂಗಳಾದರೂ ದಾರದಲ್ಲೇ ನಿಂತಿರುತ್ತದೆ. ಶ್ರವಣಯಂತ್ರ ಡ್ರಾಯರಿನಲ್ಲಿರುತ್ತದೆ, ಸೆಲ್ ಮುಗಿದು ಎಷ್ಟೋ ದಿನವಾಗಿರುತ್ತದೆ. ಎಟಿಎಂ ಕಾರ್ಡು ಮಗನ ಜೇಬಿನಲ್ಲಿ. "ನಿದ್ದೆ ಬರ್ತಿದೆಯಾ ಅಮ್ಮ?" ಅಂದರೆ ಆಕೆ ಮೊದಲು ಮಗನ ಮುಖ ನೋಡುತ್ತಾರೆ. "ಅವರಿಗೆ ಕಿವಿ ಕೇಳಲ್ಲ ಸಿಸ್ಟರ್, ನನ್ನನ್ನೇ ಕೇಳಿ" ಎಂದು ಉತ್ತರ ಅವನಿಂದ ಬರುತ್ತದೆ. ಅವನು ಫೋನು ಬಂತೆಂದು ಹೊರಗೆ ಹೋದ ಎರಡು ನಿಮಿಷದಲ್ಲಿ ಅದೇ ತಾಯಿಗೆ ಪಿಸುಮಾತೂ ಕೇಳಿಸುತ್ತಿತ್ತು. ದೂರು ಕೊಡಿ ಎಂದರೆ ಮಾತ್ರ ಒಪ್ಪುವವರಲ್ಲ. ಹೆತ್ತ ಮಗನನ್ನು ಠಾಣೆಗೆ ಎಳೆದು ಆಮೇಲೆ ಇರುವುದು ಯಾರ ಜೊತೆಗೆ ಎಂಬ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿರಲಿಲ್ಲ.

ಆದ್ದರಿಂದ ವೈದ್ಯರಲ್ಲಿ ನನ್ನ ವಿನಂತಿ: ಹಿರಿಯ ರೋಗಿಗಳನ್ನು ಐದು ನಿಮಿಷ ಒಬ್ಬರೇ ಇದ್ದಾಗ ಮಾತನಾಡಿಸಿ. ಸಹಾಯವಾಣಿಯಲ್ಲಿ ದೂರು ಬರೆದುಕೊಳ್ಳುವುದರ ಜೊತೆಗೆ ಕುಡಿತ ಬಿಡಿಸುವ ಕೇಂದ್ರದ, ಕೆಲಸ ಕೊಡಿಸುವವರ ದಾರಿಯನ್ನೂ ತೋರಿಸುವಂತಾಗಲಿ; ಎಷ್ಟೋ ತಾಯಂದಿರು ಮಗನಿಗೆ ಶಿಕ್ಷೆಯಾಗಲೆಂದಲ್ಲ, ಅವನು ನೆಟ್ಟಗಾಗಲೆಂದು ಬಾಯಿ ಬಿಟ್ಟಾರು. ಇನ್ನು ನಿಮ್ಮ ವರದಿಗಾರರು ಇಂಥ ಸುದ್ದಿ ಬರೆಯುವಾಗ ವೃದ್ಧರ ವಯಸ್ಸು, ಕಾಯಿಲೆಗಳ ಜೊತೆಗೆ ಆ ಮನೆ ಯಾರ ದುಡ್ಡಿನಲ್ಲಿ ನಡೆಯುತ್ತಿತ್ತು ಎಂಬುದನ್ನೂ ವಿಚಾರಿಸಲಿ.

— ನಿವೃತ್ತ ಶುಶ್ರೂಷಕಿ