ಭಾನುವಾರದ ಕರೆಗೆ ಮುಂಚೆ ನೋವಿನ ಡೈರಿ ಶುರು ಮಾಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6 ಗಂಟೆಗೆ ಗುಂಪಿನ ಕರೆ ಇದೆ. ಮಗು ಆಸ್ಪತ್ರೆಯಲ್ಲಿದೆ, ನೋವಿಗೆ ಕಾರಣ ಇನ್ನೂ ಸಿಕ್ಕಿಲ್ಲ ಅನ್ನುವ ಅಪ್ಪ ಅಮ್ಮಂದಿರು ದಯವಿಟ್ಟು ತಪ್ಪಿಸಬೇಡಿ.

ಅದಕ್ಕೆ ಮುಂಚೆ ಒಂದು ಡೈರಿ ಇಡಿ. ನೋವು ಯಾವಾಗ ಬಂತು, ಎಲ್ಲಿ, ಎಷ್ಟು ಹೊತ್ತು ಇತ್ತು, ಯಾವ ಔಷಧಿಗೆ ಎಷ್ಟು ಇಳಿಯಿತು, ಎಲ್ಲವನ್ನೂ ಆಗಿಂದಾಗಲೇ ಬರೆಯಿರಿ. ಸುಮ್ನೆ "ತುಂಬಾ ಅಳ್ತಾನೆ" ಅನ್ನುವುದಕ್ಕಿಂತ "ರಾತ್ರಿ 2 ಗಂಟೆಗೆ ಎದ್ದ, ಹೊಕ್ಕುಳ ಹತ್ತಿರ ಒತ್ತಿ ಹಿಡಿದುಕೊಂಡ, 40 ನಿಮಿಷ ಕಾಲು ಮಡಚಿಕೊಂಡೇ ಇದ್ದ" ಅಂದರೆ ಡಾಕ್ಟರಿಗೆ ಜಾಸ್ತಿ ಸಹಾಯ ಆಗುತ್ತದೆ, ಅಲ್ವಾ? ಇನ್ನೂ ಮಾತು ಬಾರದ ಮಗುವಾದರೆ ಫ್ಲಾಕ್ (FLACC) ಸ್ಕೋರ್, ಅಂದರೆ ಮಗುವನ್ನು ಗಮನಿಸಿ ನೋವು ಎಷ್ಟಿದೆ ಅಂತ ಅಳೆಯುವ ಅಂಕ, ನೋಡಲು ನರ್ಸ್‌ಗೆ ಕೇಳಿ. ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಆಗುವ ರೀತಿ, ಒಂದೊಂದಕ್ಕೂ 0ಯಿಂದ 2, ಒಟ್ಟು 10.

ರಿಪೋರ್ಟ್ ನಾರ್ಮಲ್ ಬಂದ ಮಾತ್ರಕ್ಕೆ ನೋವು ಸುಳ್ಳಲ್ಲ. ರೌಂಡ್ಸ್‌ನಲ್ಲಿ ಕೇಳಿ: ಇನ್ನೂ ಏನೇನು ಇರಬಹುದು? ಕಾರಣ ಸಿಗುವ ತನಕ ನೋವಿಗೆ ಏನು ಕೊಡುತ್ತೀರಿ? ಇಳಿಯದಿದ್ದರೆ ಮುಂದೇನು? ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವುದು ಯಾರಿಗೂ ಅವಮಾನ ಅಲ್ಲ, ಹಿಂಜರಿಯಬೇಡಿ. ಹಸಿರು ವಾಂತಿ ಆದರೆ, ಹೊಟ್ಟೆ ಗಟ್ಟಿಯಾದರೆ, ಎಬ್ಬಿಸಿದರೂ ಮಗು ಏಳದಿದ್ದರೆ ರೌಂಡ್ಸ್‌ಗೆ ಕಾಯಬೇಡಿ, ತಕ್ಷಣ ನರ್ಸ್‌ನ್ನು ಕರೆಯಿರಿ.

ಬರುವವರು ಶನಿವಾರ ರಾತ್ರಿಯೊಳಗೆ "ಬರ್ತೀನಿ" ಅಂತ ಇಲ್ಲಿ ಹಾಕಿ. ಮಗುವಿನ ಹೆಸರು, ರಿಪೋರ್ಟ್‌ಗಳ ಫೋಟೋ ಗುಂಪಿನಲ್ಲಿ ಹಾಕಬೇಡಿ. ವಾರ್ಡ್‌ನಲ್ಲೇ ಇದ್ದು ಮಾತಾಡಲು ಆಗದವರು ಪ್ರಶ್ನೆಯನ್ನು ನನಗೆ ಕಳಿಸಿ, ನಿಮ್ಮ ಪರವಾಗಿ ನಾನೇ ಕೇಳುತ್ತೇನೆ.